ಕೃಷ್ಣಾಷ್ಟಮಿಯ ಮಾಂಸದ ತುಂಡು

ಕಪ್ಪು ಕವರನ್ನು ನಾನು ಮೇಜಿನ ಮೇಲೆ ಇಟ್ಟ ಕೂಡಲೇ ಡಾಕ್ಟರ್ ಸೀತಾ ಕುರ್ಚಿ ಸಮೇತ ಹಿಂದಕ್ಕೆ ಸರಿದರು.

“ಮಟನ್ನಾ?”

“ಕುರಿ. ತೊಡೆ ಭಾಗ. ಈಗ ತಾನೇ ಅಮೃತಹಳ್ಳಿಲಿ ಕಡಿಸ್ಕೊಂಡು ಬಂದೆ.”

“ನಾನು ಮೊಟ್ಟೆ ಹಾಕಿದ ಕೇಕೂ ಮುಟ್ಟಲ್ಲ ಕಣ್ರೀ ಮುನಿಆಂಜಿನಪ್ಪನವರೇ.”

ಬೆಳಗಾದರೆ ಮನುಷ್ಯರ ಮಾಂಸವನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲೆ ಹರಡುವ ಹೆಂಗಸು ಹೀಗಂದರೆ, ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ನಗು ಬರಲಿಲ್ಲ. ಹಿಂದಿನ ದಿನ ತಲೆಗೆ ಹೊಕ್ಕ ಒಂದು ಯೋಚನೆ ರಾತ್ರಿಯಿಡೀ ಬಿಟ್ಟಿರಲಿಲ್ಲ. ಅದು ಸುಳ್ಳಾಗಲಿ ಎಂದುಕೊಂಡೇ ಯಲಹಂಕದ ಆ ಲ್ಯಾಬಿನ ಮೆಟ್ಟಿಲು ಹತ್ತಿದ್ದೆ.

ಗಂಗಾನಗರದ ‘ಮರುಜೀವ’ ಕ್ಲಿನಿಕ್ಕಿನಲ್ಲಿ ಬೆನ್ನಿಗೆ ಮೂರನೇ ಇಂಜೆಕ್ಷನ್ ಹಾಕಿಸಿಕೊಂಡ ಜಕ್ಕೂರಿನ ಹುಡುಗ ಜ್ವರ ಏರಿ ತೀರಿಕೊಂಡಿದ್ದ. ಆ ಮಣ್ಣಿಗೆ ಹೋಗಿ ಬಂದ ಅಮೃತಹಳ್ಳಿಯ ನಾರಾಯಣಮ್ಮ ಮನೆಗೂ ಹೋಗದೆ ಆರ್.ಟಿ. ನಗರದ ನನ್ನ ಪತ್ತೇದಾರಿ ಆಫೀಸಿನಲ್ಲಿ ಬಂದು ಕೂತಿದ್ದಳು. ಅವಳ ಮೊಮ್ಮಗ ಜಯಂತನಿಗೂ ಅದೇ ಕ್ಲಿನಿಕ್ಕು, ಅದೇ ಇಂಜೆಕ್ಷನ್ನು. ಎರಡು ಆಗಿತ್ತು. ಮೂರನೆಯದು ಇವತ್ತು ಸಂಜೆ.

“ನನ್ ಮೊಮ್ಮಗಂಗೆ ಏನೂ ಇಲ್ಲ ಕಣಪ್ಪ ಆಂಜಿನಪ್ಪ,” ಅಂದಿದ್ದಳು. “ಈ ಡಾಕ್ಟ್ರು ಇಲ್ದಿರೋ ರೋಗ ಅಂಟ್ಸವ್ನೆ. ನನ್ ಸೊಸೆ ಅವನ್ನೇ ದೇವ್ರು ಅಂತವ್ಳೆ. ಇಂಗೇ ಬುಟ್ರೆ ಈ ಮಗೀನೂ ಮಣ್ಣಿಗ್ ಓಯ್ತದೆ.”

ಮುದುಕಿಯ ಮಾತಿಗೆ ಸಾಕ್ಷಿ ಬೇಕಿತ್ತು. ಸಾಕ್ಷಿಯೆಲ್ಲ ಎದುರು ಪಕ್ಷದ ಕಡೆಗಿತ್ತು.

ರೋಗದ ಹೆಸರು ಡುಶೆನ್. ಗಂಡುಮಕ್ಕಳಿಗೆ ಬರುವಂಥದ್ದು. ಸ್ನಾಯು ದಿನದಿಂದ ದಿನಕ್ಕೆ ಸಾಯುತ್ತ ಹೋಗುತ್ತದೆ. ಓಡುತ್ತಿದ್ದವನು ನಡೆಯುತ್ತಾನೆ, ನಡೆಯುತ್ತಿದ್ದವನು ಗಾಲಿಕುರ್ಚಿಗೆ ಬರುತ್ತಾನೆ, ಆಮೇಲೆ ಉಸಿರಾಡುವುದಕ್ಕೂ ಬಲ ಉಳಿಯುವುದಿಲ್ಲ. ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ. ಬಂದಿದೆ, ನನ್ನ ಹತ್ತಿರ ಇದೆ ಎಂದು ಬೋರ್ಡು ಹಾಕಿಕೊಂಡು ಕೂತಿದ್ದವನು ಡಾಕ್ಟರ್ ಶಿವಪ್ರಕಾಶ.

ಅವನು ಬರೀ ಬಾಯಿಮಾತಿನ ಆಸಾಮಿಯಾಗಿದ್ದರೆ ಹಿಡಿಯುವುದು ಸುಲಭವಿತ್ತು. ಅವನು ಮಗುವಿನ ಸ್ನಾಯುವಿನಿಂದ ಕಡಲೆಕಾಳಿನಷ್ಟು ತುಂಡು ತೆಗೆದು, ಐಸಿನಲ್ಲಿಟ್ಟು, ಸೀತಾ ಅವರ ಲ್ಯಾಬಿಗೆ ಕಳಿಸುತ್ತಿದ್ದ. ಸೀತಾ ಅವರ ಸಹಿಯನ್ನು ಬೆಂಗಳೂರಿನ ಯಾವ ಡಾಕ್ಟರೂ ಅನುಮಾನಿಸುವುದಿಲ್ಲ.

ಮರುಜೀವದ ವಿಚಾರ ಕೇಳಿಕೊಂಡು ಹೋದ ನನಗೆ ಆಕೆ ವಿಷಯವನ್ನು ಒಂದನೇ ಕ್ಲಾಸಿನ ಹುಡುಗನಿಗೆ ಹೇಳುವ ಹಾಗೆ ಹೇಳಿಕೊಟ್ಟಿದ್ದರು. ಸ್ನಾಯುವಿನ ಒಂದೊಂದು ಎಳೆಯ ಅಂಚಿನಲ್ಲೂ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಇರುತ್ತದೆ. ಡುಶೆನ್ ಇರುವ ಹುಡುಗರಲ್ಲಿ ಅದು ಇರುವುದಿಲ್ಲ. ಅದನ್ನು ಹುಡುಕುವುದಕ್ಕೆಂದೇ ಒಂದು ಆಂಟಿಬಾಡಿ ಬರುತ್ತದೆ, ಕಣ್ಣಿಗೆ ಹಾಕುವ ಔಷಧಿಯಷ್ಟೇ ಚಿಕ್ಕ ಬಾಟಲಿಯಲ್ಲಿ. ಮಾಂಸದ ಚೂರಿನ ಮೇಲೆ ಹನಿ ಹಾಕಿದರೆ ಆಂಟಿಬಾಡಿ ಹೋಗಿ ಆ ಪ್ರೋಟೀನನ್ನು ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಜಾಗಕ್ಕೆ ಬಣ್ಣ ಬರಿಸಿದರೆ ಎಳೆಯ ಸುತ್ತಲೂ ಕಂದು ಗೆರೆ ಕಾಣುತ್ತದೆ. ಗೆರೆ ಇದ್ದರೆ ಮಗು ಆರೋಗ್ಯವಾಗಿದೆ. ಗೆರೆ ಇಲ್ಲದಿದ್ದರೆ ತಾಯಿಗೆ ಕುರ್ಚಿ ಕೊಟ್ಟು ಕೂರಿಸಿ ವಿಷಯ ಹೇಳಬೇಕು.

ಮರುಜೀವದಿಂದ ಬರುತ್ತಿದ್ದ ಪ್ರತಿ ಹುಡುಗನ ಮೊದಲ ತುಂಡಿನಲ್ಲೂ ಗೆರೆ ಇರಲಿಲ್ಲ. ಮೂರನೇ ಇಂಜೆಕ್ಷನ್ನಿನ ಹೊತ್ತಿಗೆ ತೆಗೆದ ಎರಡನೇ ತುಂಡಿನಲ್ಲಿ ಗೆರೆ ಬಂದಿರುತ್ತಿತ್ತು. ಪ್ರಪಂಚದಲ್ಲಿ ಎಲ್ಲೂ ಆಗದ ಪವಾಡ ಗಂಗಾನಗರದ ಮೊದಲನೇ ಮಹಡಿಯಲ್ಲಿ ತಿಂಗಳು ತಿಂಗಳೂ ಆಗುತ್ತಿತ್ತು.

ಹಿಂದಿನ ದಿನ ಸೀತಾ ತಾವಾಗಿಯೇ ಫೋನು ಮಾಡಿ ನನ್ನನ್ನು ಕರೆಸಿಕೊಂಡಿದ್ದರು. ಅವರ ಹಳೆಯ ಬಾಟಲಿ ಮುಗಿಯುತ್ತ ಬಂದಿತ್ತು. ಬೇರೆ ಕಂಪನಿಯ ಹೊಸ ಬಾಟಲಿ ತರಿಸಿದ್ದರು. ಹೊಸದನ್ನು ಬಳಕೆಗೆ ತರುವ ಮುಂಚೆ ಆ ಲ್ಯಾಬಿನಲ್ಲಿ ಒಂದು ಕಟ್ಟುಪಾಡು ಇದೆ. ಫ್ರೀಜರಿನಲ್ಲಿ ಕಾದಿಟ್ಟ ಹಳೆಯ ತುಂಡುಗಳನ್ನು ತೆಗೆದು, ಎರಡೂ ಬಾಟಲಿಯಿಂದ ಅಕ್ಕಪಕ್ಕ ಬಣ್ಣ ಹಾಕಿ ನೋಡಬೇಕು. ಅದು ಒಂದಕ್ಕೊಂದು ತಾಳೆಯಾಗಬೇಕು.

“ಬೇರೆ ಆಸ್ಪತ್ರೆಗಳ ತುಂಡೆಲ್ಲ ತಾಳೆ ಆಯ್ತು,” ಎಂದಿದ್ದರು. “ಡುಶೆನ್ ಇರೋ ಮಕ್ಕಳದು ಎರಡರಲ್ಲೂ ಖಾಲಿ. ಮರುಜೀವದವರದು ಮಾತ್ರ, ಆ ಮೊದಲನೇ ತುಂಡುಗಳಿದಾವಲ್ಲ, ಹಳೇ ಬಾಟಲಿಲಿ ಖಾಲಿ, ಹೊಸದರಲ್ಲಿ ಕಂದು. ಒಂದೂ ಬಿಡದೆ.”

“ಹೊಸ ಬಾಟಲಿ ಕೆಟ್ಟಿರ್ಬೋದಲ್ವಾ ಮೇಡಂ?”

“ಕೆಟ್ಟಿದ್ರೆ ಎಲ್ಲಾದಕ್ಕೂ ಕೆಡ್ಬೇಕಲ್ರೀ. ಒಂದೇ ಕ್ಲಿನಿಕ್ಕಿನ ಮೇಲೆ ಅದಕ್ಕೇನು ಹಗೆ?”

ಆಮೇಲೆ ಇನ್ನೊಂದು ವಿಷಯ ಹೇಳಿದರು. ಜಯಂತನ ಮೊದಲ ತುಂಡಿನಲ್ಲಿ ಎಳೆಗಳ ತುಂಬ ತೂತು ತೂತು. ನಿಧಾನವಾಗಿ ಹೆಪ್ಪುಗಟ್ಟಿದ ಮಾಂಸದಲ್ಲಿ ಐಸಿನ ಹರಳು ಬೆಳೆದು ಹೀಗೆ ತೂತಾಗುತ್ತದಂತೆ. ಮನೆ ಫ್ರಿಜ್ಜಿನಲ್ಲಿಟ್ಟರೆ ಆಗುವಂಥದ್ದು. ಲ್ಯಾಬಿನಲ್ಲಿ ತುಂಡನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಗಡ್ಡೆಗಟ್ಟಿಸುವುದರಿಂದ ತೂತು ಬೀಳುವುದಿಲ್ಲ.

“ಬೆಳಿಗ್ಗೆ ಮಗು ಮೈಯಿಂದ ತೆಗೆದದ್ದು, ಗಂಟೆಯೊಳಗೆ ನನ್ನ ಕೈಗೆ ಬಂದಿದೆ. ಫ್ರಿಜ್ಜಿಗೆ ಹೋಗಿದ್ದು ಯಾವಾಗ? ಅವತ್ತೇ ಫೋನ್ ಮಾಡಿ ಬೈಬೇಕಿತ್ತು. ಕೃಷ್ಣಾಷ್ಟಮಿ ಬೇರೆ, ಮನೇಲಿ ಚಕ್ಕುಲಿ ಹಿಟ್ಟು ಕಲಸಿಟ್ಟು ಬಂದಿದ್ದೆ, ಮರೆತುಬಿಟ್ಟೆ.”

ಕೃಷ್ಣಾಷ್ಟಮಿ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಪತ್ತೇದಾರಿಗೆ ಇಳಿಯುವ ಮುಂಚೆ ನಾನು ಪಾಲಿಕೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದವನು. ಹೋಟೆಲುಗಳ ಅಡುಗೆಮನೆ ನೋಡಿ ನೋಡಿ ಅನ್ನ ಸೇರದಂತಾಗಿ ಬಿಟ್ಟುಬಂದೆ. ಆದರೆ ಆ ಕೆಲಸದ ಪಂಚಾಂಗ ತಲೆಯಿಂದ ಹೋಗಿಲ್ಲ. ಕೃಷ್ಣಾಷ್ಟಮಿಯ ದಿನ ಊರಿನಲ್ಲಿ ಮಾಂಸ ಮಾರಾಟ ಬಂದ್ ಎಂದು ಆದೇಶ ಹೊರಟಿತ್ತು. ಅಂಥ ದಿನ ಎಷ್ಟು ಮಟನ್ ಅಂಗಡಿಗಳ ಶಟರ್ ಎಳೆಸಿದ್ದೇನೋ ನನಗೇ ಲೆಕ್ಕವಿಲ್ಲ.

ಹೊಸ ಮಾಂಸ ಸಿಗದ ದಿನ ಮನುಷ್ಯ ಎಲ್ಲಿಗೆ ಕೈ ಹಾಕುತ್ತಾನೆ? ಫ್ರಿಜ್ಜಿಗೆ.

“ಮೇಡಂ,” ಎಂದು ಕೇಳಿದ್ದೆ, “ನಿಮ್ಮ ಹಳೇ ಬಾಟಲಿ ಪ್ರಾಣಿಗಳ ಮಾಂಸಕ್ಕೆ ಕಚ್ಚತ್ತಾ?”

ಸೀತಾ ಹಳೆಯ ಬಾಟಲಿಯ ಲೇಬಲ್ಲು ತಿರುಗಿಸಿ ನೋಡಿದ್ದರು. “ಅದು ಮನುಷ್ಯರ ಡಿಸ್ಟ್ರೋಫಿನ್ನಿಗೆ ಮಾತ್ರ ಕಚ್ಚೋದು. ಹೊಸದು ಪ್ರಾಣಿಗಳದ್ದಕ್ಕೂ ಕಚ್ಚತ್ತೆ ಅಂತಾರೆ. ನಾವು ನೋಡಿಲ್ಲ. ನಮಗೆ ಪ್ರಾಣಿಗಳ ಮಾಂಸ ಯಾತಕ್ಕೆ ಬರಬೇಕು?”

ಅದಕ್ಕೇ ಇವತ್ತು ಆ ಕಪ್ಪು ಕವರು.

ಸೀತಾ ಎರಡು ಜೊತೆ ಗ್ಲೌಸು ಹಾಕಿಕೊಂಡು ಕುರಿಯ ತೊಡೆಯಿಂದ ಚೂರು ತೆಗೆದರು. ಮಧ್ಯಾಹ್ನ ಮರುಜೀವದ ಹುಡುಗ ಐಸ್ ಡಬ್ಬಿ ತಂದುಕೊಟ್ಟು ಹೋದ. ಜಯಂತನ ಎರಡನೇ ತುಂಡು, ಅವತ್ತು ಬೆಳಿಗ್ಗೆ ತೋಳಿನಿಂದ ತೆಗೆದದ್ದು. ಅದು ಬಣ್ಣಕ್ಕೆ ಹೋಗುವ ಹೊತ್ತಿಗೆ ಕುರಿಯದು ತಯಾರಾಯಿತು. ಆಕೆ ಮೈಕ್ರೋಸ್ಕೋಪಿನಲ್ಲಿ ನೋಡಿ, ಎದ್ದು, ನನಗೆ ಜಾಗ ಬಿಟ್ಟರು.

ಹಳೆಯ ಬಾಟಲಿಯದು ಖಾಲಿ. ಬೋಳು ಬೋಳು ಎಳೆಗಳು. ಹೊಸ ಬಾಟಲಿಯದರಲ್ಲಿ ಎಳೆಎಳೆಯ ಸುತ್ತ ಕಂದು ಗೆರೆ, ಮುದ್ದಾಗಿ, ರಂಗೋಲಿ ಬಿಟ್ಟ ಹಾಗೆ.

“ಅಂದ್ರೆ...” ಎಂದರು ಸೀತಾ.

ನಾನೇ ಹೇಳಿದೆ. ಮೊದಲನೇ ತುಂಡು ಕುರಿಯದು, ಎರಡನೆಯದು ಹುಡುಗನದು. ಮಗುವಿನ ಚರ್ಮ ಕೊಯ್ದು ಹೊಲಿಗೆ ಹಾಕಿ, ಲ್ಯಾಬಿಗೆ ಮಟನ್ ಕಳಿಸಿ, ರೋಗ ಇದೆ ಎಂದು ಬರೆಸಿಕೊಂಡ. ತಾಯಿತಂದೆ ಎದೆಯೊಡೆದು ಅತ್ತ ಮೇಲೆ ಏನೋ ನೀರು ಚುಚ್ಚಿ, ಕೊನೆಗೆ ಆ ಮಗುವಿನದೇ ಆರೋಗ್ಯವಂತ ಸ್ನಾಯು ಕಳಿಸಿ ವಾಸಿಯಾಯಿತು ಎಂದು ಬರೆಸಿಕೊಂಡ.

“ನಾನು ಸಹಿ ಹಾಕಿದೀನಿ,” ಎಂದರು ಸೀತಾ. “ಎಳೆಗಳು ಚೆನ್ನಾಗೇ ಇದ್ವು. ಮಗು ಇನ್ನೂ ಚಿಕ್ಕದು, ಕೆಟ್ಟಿಲ್ಲ ಅಂದ್ಕೊಂಡೆ. ಕುರಿ ನೋಡಿ ಒಬ್ಬ ತಾಯಿಗೆ ನಿನ್ನ ಮಗ ಸಾಯ್ತಾನೆ ಅಂತ ಬರೆದುಕೊಟ್ಟಿದೀನಿ.” ಗ್ಲೌಸು ಕಿತ್ತು ಬುಟ್ಟಿಗೆ ಎಸೆದು ಸಿಂಕಿನ ಕಡೆಗೆ ಓಡಿದರು. ವಾಂತಿಯ ಸದ್ದು ಕೇಳಿಸಿತು. ನನಗೂ ಅಷ್ಟು ಸುಲಭವಾಗಿ ಹೊರಗೆ ಬಂದಿದ್ದರೆ ಚೆನ್ನಾಗಿತ್ತು.

ಬಾಯಿ ಒರೆಸಿಕೊಂಡು ಬಂದು, “ಹೋಗಿ,” ಎಂದರು. “ಆ ಇಂಜೆಕ್ಷನ್ ತಪ್ಪಿಸಿ. ಈ ಹುಡುಗನ ನಿಜವಾದ ತುಂಡು ಸಂಜೆಗೆ ನೋಡಿ ಹೇಳ್ತೀನಿ.”

“ಅದರಲ್ಲಿ ಏನ್ ಬರತ್ತೆ ಅಂತ ಇಬ್ಬರಿಗೂ ಗೊತ್ತಲ್ಲ ಮೇಡಂ,” ಎಂದು ಹೊಸ ಬಾಟಲಿಯ ಎರಡು ಫೋಟೋ, ಜಯಂತನ ಮೊದಲ ತುಂಡಿನದೊಂದು, ಕುರಿಯದೊಂದು, ಜೇಬಿಗೆ ಹಾಕಿಕೊಂಡು ಇಳಿದೆ.

ಟ್ರಾಫಿಕ್ಕಿನಲ್ಲಿ ಹೆಬ್ಬಾಳದ ಮೇಲ್ಸೇತುವೆ ದಾಟುವಷ್ಟರಲ್ಲಿ ಪ್ರಾಣ ಹಿಂಡಿಹೋಯಿತು. ನಿಂತಲ್ಲೇ ಪರಿಚಯದ ಪೊಲೀಸ್ ಇನ್ಸ್‌ಪೆಕ್ಟರ್ ಜಾಹಿದಾಗೆ ಫೋನು ಮಾಡಿ ಎಲ್ಲ ಹೇಳಿದೆ. ಆಕೆ ಕ್ಲಿನಿಕ್ಕಿನ ವಿಳಾಸ ಬರೆದುಕೊಂಡರು. ಕೊನೆಗೆ, “ಛೀ,” ಎಂದು ಫೋನು ಇಟ್ಟರು.

ಮರುಜೀವದ ಹಾಲಿಗೆ ಕಾಲಿಟ್ಟರೆ ಮಲ್ಲಿಗೆಯ ರೂಮ್ ಸ್ಪ್ರೇ ವಾಸನೆ. ಗೋಡೆಯ ತುಂಬ ಮೈಕ್ರೋಸ್ಕೋಪಿನಲ್ಲಿ ತೆಗೆದ ಸ್ನಾಯುವಿನ ಫೋಟೋಗಳು, ಗಾಜು ಹಾಕಿದ್ದು, ಜೋಡಿ ಜೋಡಿ. ಎಡಗಡೆ ‘ಮೊದಲು’, ಬಲಗಡೆ ‘ಆಮೇಲೆ’. ಬಲಗಡೆಯ ಒಂದು ಫೋಟೋಗೆ ಯಾರೋ ತಾಯಿ ಕುಂಕುಮ ಇಟ್ಟಿದ್ದಳು. ಎಡಗಡೆಯದು ಕುರಿ. ‘ಮಾಂಸಾಹಾರ ಒಳಗೆ ತರಬಾರದು’ ಎಂಬ ಫಲಕ ಅದರ ಕೆಳಗೇ ಇತ್ತು.

ನಾರಾಯಣಮ್ಮ ಬಾಗಿಲಲ್ಲೇ ಕಾದಿದ್ದಳು. “ಒಳ್ಗಡೆ ಕರ್ಕೊಂಡ್ ಓದ್ರು,” ಎಂದಳು. “ನನ್ನ ಬುಡ್ಲಿಲ್ಲ.”

ಬಿಡುವುದೇನು, ತಳ್ಳಿಕೊಂಡು ಹೋದೆವು. ಒಳಗಿನ ಕೋಣೆಯಲ್ಲಿ ಸೊಸೆ ಸುಮಾ ಮಂಚದ ಅಂಚಿನಲ್ಲಿ ಕೂತಿದ್ದಳು. ತೋಳಿಗೆ ಬ್ಯಾಂಡೇಜು ಕಟ್ಟಿಸಿಕೊಂಡ ಜಯಂತ ನೆಲದ ಮೇಲೆ ಕೂತು ಪುಟಾಣಿ ಬಸ್ಸೊಂದನ್ನು ಕುರ್ಚಿಯ ಕಾಲುಗಳ ನಡುವೆ ಓಡಿಸುತ್ತಿದ್ದ. ಕಿಟಕಿಯ ಬಳಿ ಶಿವಪ್ರಕಾಶ ಮೊಸರನ್ನ ತಿನ್ನುತ್ತಿದ್ದ. ಹಣೆಯಲ್ಲಿ ವಿಭೂತಿ. ಪಕ್ಕದ ಟ್ರೇಯಲ್ಲಿ ತುಂಬಿಟ್ಟ ಸಿರಿಂಜು.

“ಅಂಕಲ್, ದಯವಿಟ್ಟು ಹೋಗಿ,” ಎಂದಳು ಸುಮಾ. ಅವಳಿಗೆ ನನ್ನ ಮುಖ ಗೊತ್ತಿತ್ತು. “ಅತ್ತೆ ಮಾತು ಕೇಳ್ಕೊಂಡು ನೀವು ಇದನ್ನೂ ನಿಲ್ಲಿಸಿದ್ರೆ ನನ್ ಮಗ ಉಳಿಯಲ್ಲ. ಇನ್ನೆಲ್ಲಿಗೆ ಹೋಗ್ಲಿ ನಾನು? ಎಲ್ಲಾ ಕಡೆ ತೋರಿಸಿ ಆಯ್ತು.”

“ಎರಡು ನಿಮಿಷ ಅಮ್ಮ. ಆಮೇಲೆ ನೀನು ಹೋಗು ಅಂದ್ರೆ ಹೋಗ್ತೀನಿ.”

ಶಿವಪ್ರಕಾಶ ಅವಸರ ಮಾಡಲಿಲ್ಲ. ಇನ್ನೊಂದು ಚಮಚ ಬಾಯಿಗಿಟ್ಟ. “ಕೂತ್ಕೊಳ್ಳಿ. ಏನ್ ವಿಷಯ?”

ಎರಡು ಫೋಟೋಗಳನ್ನು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟೆ. “ಡಾಕ್ಟ್ರೇ, ಒಂದು ಸಹಾಯ. ಇದರಲ್ಲಿ ಒಂದು ಜಯಂತಂದು, ನೀವು ಕಳಿಸಿದ ಮೊದಲನೇ ತುಂಡು. ಇನ್ನೊಂದು ಇವತ್ತು ಬೆಳಿಗ್ಗೆ ನಾನು ಅಮೃತಹಳ್ಳಿಲಿ ತಗೊಂಡ ಕುರಿದು. ಯಾವುದು ಯಾವುದು ಅಂತ ತೋರಿಸಿಬಿಡಿ.”

ಚಮಚ ನಿಂತಿತು.

“ಎರಡರಲ್ಲೂ ಕಂದು ಗೆರೆ ಇದೆ,” ಎಂದ.

“ಹೌದು. ಸೀತಾ ಮೇಡಂ ಬಾಟಲಿ ಬದಲಾಯಿಸಿದಾರೆ.”

ಮನುಷ್ಯನ ಮುಖದ ಬಣ್ಣ ಅಷ್ಟು ಬೇಗ ಇಳಿಯುವುದನ್ನು ನಾನು ನೋಡಿರಲಿಲ್ಲ. ಜಕ್ಕೂರಿನ ಹುಡುಗ ಸತ್ತರೂ ಮೊಸರನ್ನ ತಿನ್ನುತ್ತ ಕೂತಿದ್ದವನ ಮುಖ ಒಂದು ಬಾಟಲಿಯ ಹೆಸರು ಹೇಳಿದ್ದಕ್ಕೆ ಅಲುಗಿತು. ಅವನ ಇಡೀ ವ್ಯಾಪಾರ ಆ ಬಾಟಲಿಯ ಮೇಲೆ ನಿಂತಿತ್ತು.

“ಲ್ಯಾಬಲ್ಲಿ ಏನೋ ಅದಲು ಬದಲು ಆಗಿದೆ,” ಎಂದ.

“ಕೃಷ್ಣಾಷ್ಟಮಿ ದಿನದ ತುಂಡಲ್ಲಿ ಫ್ರಿಜ್ಜಿನ ತೂತು ಇದೆ. ಅವತ್ತು ಅಂಗಡಿ ಮುಚ್ಚಿತ್ತು, ಪಾಪ. ಹಳೇದನ್ನೇ ಕಳಿಸಿದ್ರಿ. ನಿಮ್ಮ ಫ್ರಿಜ್ಜು ಎಲ್ಲಿದೆ?”

ಉತ್ತರಕ್ಕೆ ಕಾಯಲಿಲ್ಲ. ಮೂಲೆಯಲ್ಲಿ ಬಿಳಿ ಫ್ರಿಜ್ಜೊಂದು ಗುಂಯ್ ಎನ್ನುತ್ತಿತ್ತು. ಬಾಗಿಲು ತೆಗೆದೆ. ಮೇಲಿನ ತಟ್ಟೆಯಲ್ಲಿ ಇಂಜೆಕ್ಷನ್ ಸೀಸೆಗಳು ಸಾಲಾಗಿ ನಿಂತಿದ್ದವು. ಅವುಗಳ ಬುಡಕ್ಕೇ ಒತ್ತಿಕೊಂಡು ಗಂಟು ಹಾಕಿದ ಒಂದು ಕಪ್ಪು ಕವರು. ನಾಳೆ ಯಾರ ಮಗನದೋ ‘ಮೊದಲು’ ಇತ್ತೇನೋ. ಕವರಿನ ಮೂಲೆ ತೂತಾಗಿ ಕೆಂಪು ನೀರು ಒಸರಿ, ಸೀಸೆಗಳು ಅದರಲ್ಲೇ ನಿಂತಿದ್ದವು. ಮಕ್ಕಳ ಬೆನ್ನುಮೂಳೆಗೆ ಚುಚ್ಚುವ ಸೀಸೆಗಳು.

ಹೋಟೆಲಿನ ಹಿಂಭಾಗಗಳಲ್ಲಿ ನಾನು ನೋಡಬಾರದ್ದನ್ನೆಲ್ಲ ನೋಡಿದ್ದೇನೆ. ಸತ್ತ ಇಲಿ ಬಿದ್ದ ಸಾಂಬಾರಿಗೆ ಒಗ್ಗರಣೆ ಹಾಕುವುದನ್ನೂ ನೋಡಿದ್ದೇನೆ. ಇಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಸುಮಾ ಎದ್ದು ಬಂದು ಫ್ರಿಜ್ಜಿನ ಮುಂದೆ ನಿಂತಳು. ಕವರಿನ ಗಂಟು ಬಿಚ್ಚಿ ಒಳಗೆ ನೋಡಿದಳು. ಅವರ ಮನೆಯಲ್ಲಿ ಭಾನುವಾರ ಭಾನುವಾರ ಬರುವ ಕವರೇ ಅದು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಸರ್, ಇದೇನು?” ಎಂದು ಮೆತ್ತಗೆ ಕೇಳಿದಳು.

ಶಿವಪ್ರಕಾಶ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕರವಸ್ತ್ರದಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. ಅವಳ ಕಡೆಗೆ ನೋಡಲೂ ಇಲ್ಲ, ನನ್ನ ಜೊತೆ ಮಾತಾಡಿದ.

“ಓದೋವಾಗ ಕುರಿ ಸ್ನಾಯುಗೆ ಆ ಬಾಟಲಿ ಹಾಕಿ ಬಣ್ಣ ಬರದೆ ಪ್ರೊಫೆಸರ್ ಹತ್ರ ಬೈಸ್ಕೊಂಡಿದ್ದೆ. ಇಷ್ಟು ವರ್ಷದ ಮೇಲೆ ಅದು ಉಪಯೋಗಕ್ಕೆ ಬಂತು.” ಸಣ್ಣಗೆ ನಕ್ಕ. ಅವನಿಗೆ ಅದು ಹೆಮ್ಮೆಯ ವಿಷಯವಾಗಿತ್ತು. “ಆದ್ರೆ ನಾನು ಯಾರಿಗೆ ಅನ್ಯಾಯ ಮಾಡಿದೀನಿ, ಹೇಳಿ. ನಿಜವಾಗ್ಲೂ ಡುಶೆನ್ ಇರೋ ಮಗು ಬಂದ್ರೆ ನಾನು ವಾಪಸ್ ಕಳಿಸ್ತೀನಿ. ಒಬ್ಬರನ್ನೂ ತಗೊಂಡಿಲ್ಲ. ಅವರ ಹತ್ರ ಆಟ ಆಡೋವಷ್ಟು ಪಾಪಿ ಅಲ್ಲ. ನಡಿಗೆ ಕಲಿಯೋದು ತಡ ಆದೋರು, ಓಟದಲ್ಲಿ ಹಿಂದೆ ಬೀಳೋರು, ಅಂಥ ಮಕ್ಕಳನ್ನೇ ಆರಿಸ್ಕೊಂಡಿದ್ದು. ಕೊನೆಗೆ ಎಲ್ಲರೂ ನಗ್ತಾ ಮನೆಗೆ ಹೋಗಿದಾರೆ. ಆ ಸಂತೋಷ ನೀವು ಕೊಡ್ತೀರಾ?”

“ಜಕ್ಕೂರಿನ ಹುಡುಗ?”

“ಅದು ನರ್ಸಿನ ತಪ್ಪು. ಸರಿಯಾಗಿ ಕೈ ತೊಳ್ಕೊಂಡಿರಲಿಲ್ಲ.”

ಇವನ ಜೊತೆ ಒಂದೇ ಕೋಣೆಯಲ್ಲಿ ಉಸಿರಾಡುವುದಕ್ಕೂ ನನಗೆ ಅಸಹ್ಯವಾಯಿತು. ಹೊಡೆದರೆ ಕೈ ತೊಳೆಯಬೇಕಾಗುತ್ತದೆ ಎಂದು ಹೊಡೆಯಲಿಲ್ಲ. ಸುಮಾ ಅಷ್ಟು ಯೋಚನೆ ಮಾಡಲಿಲ್ಲ. ಕವರನ್ನು ಎತ್ತಿ ಅವನ ಎದೆಗೆ ಅಪ್ಪಳಿಸಿದಳು. ಬಿಳಿ ಕೋಟಿನ ಮೇಲಿಂದ ಕೆಂಪು ನೀರು ಮೊಸರನ್ನದ ತಟ್ಟೆಗೆ ಇಳಿಯಿತು.

ಅದೇ ಹೊತ್ತಿಗೆ ಜಾಹಿದಾ ಇಬ್ಬರು ಪೇದೆಗಳೊಂದಿಗೆ ಒಳಗೆ ಬಂದರು. ಫ್ರಿಜ್ಜು ನೋಡಿ, ಮೂಗಿಗೆ ಕರವಸ್ತ್ರ ಹಿಡಿದು, “ಏನೂ ಮುಟ್ಟಬೇಡಿ, ಎಲ್ಲಾ ಸೀಲ್ ಮಾಡ್ತೀವಿ,” ಎಂದರು. ಶಿವಪ್ರಕಾಶ ಕೋಟು ಬದಲಾ­ಯಿಸಬೇಕು ಎಂದ. ಆಕೆ ಹಾಗೇ ನಡಿ ಎಂದರು.

ಅವನು ಹೋದ ಮೇಲೆ ಸುಮಾ ನನ್ನ ಮುಂದೆ ಬಂದು ನಿಂತಳು. ಕೈಯಿಂದ ಇನ್ನೂ ಆ ನೀರು ತೊಟ್ಟಿಕ್ಕುತ್ತಿತ್ತು.

“ಅಂಕಲ್, ಹಾಗಾದ್ರೆ ನನ್ ಮಗನಿಗೆ?”

ಒಬ್ಬ ಸುಳ್ಳುಗಾರನ ಮಾತನ್ನು ನಂಬಬಾರದು ಎಂದು ಬೇರೆಯವರಿಗೆ ಪಾಠ ಹೇಳುವವನು ನಾನು. ಆದರೆ ಅವನು ರೋಗ ಇರುವವರನ್ನು ಮುಟ್ಟುವುದಿಲ್ಲ ಎಂದದ್ದನ್ನು ನಾನು ಆ ಕ್ಷಣದಲ್ಲಿ ನಂಬಿದ್ದೆ. ನಂಬಿದ್ದೇನು, ಅದು ನನಗೆ ಬೇಕಿತ್ತು. ಅಷ್ಟು ಹೊಲಸಿನ ಮಧ್ಯೆ ಒಂದು ಒಳ್ಳೆಯ ಮಾತನ್ನು ಹೇಳುವ ಆಸೆ ತಡೆಯಲಾಗಲಿಲ್ಲ.

“ಏನೂ ಇಲ್ಲಮ್ಮ,” ಎಂದೆ. “ನಿನ್ನ ಮಗ ಗಟ್ಟಿಯಾಗಿದಾನೆ. ಮನೆಗೆ ಕರ್ಕೊಂಡು ಹೋಗು.”

ಸುಮಾ ಗೋಡೆಗೊರಗಿ ಹಾಗೇ ಕುಸಿದು ಕೂತಳು. ಅಳು ಬಾಯಿಂದ ಅಲ್ಲ, ಹೊಟ್ಟೆಯ ಆಳದಿಂದ ಬಂತು. ನಾರಾಯಣಮ್ಮ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು, “ನಾನ್ ಏಳ್ನಿಲ್ವೇನವ್ವ, ನಾನ್ ಏಳ್ನಿಲ್ವಾ,” ಎನ್ನುತ್ತಲೇ ಇದ್ದಳು. ಅಷ್ಟು ದಿನ ಮಾತು ಬಿಟ್ಟಿದ್ದ ಅತ್ತೆ ಸೊಸೆ. ಸುಮಾ ಫೋನು ತೆಗೆದು ಗಂಡ ವಿಜಯ್ ಕುಮಾರನಿಗೆ, “ಏನೂ ಇಲ್ವಂತೆ ಕಣ್ರೀ, ಏನೂ ಇಲ್ವಂತೆ,” ಎಂದಷ್ಟೇ ಹೇಳಿ ಮತ್ತೆ ಅತ್ತಳು. ಆ ಕಡೆಯಿಂದ ಗಂಡಸೊಬ್ಬ ಬಿಕ್ಕುವುದು ನನಗೂ ಕೇಳಿಸಿತು.

ಕಿಟಕಿಯ ಹತ್ತಿರ ಹೋಗಿ ನಿಂತೆ. ಮೊದಲ ಸಲ ಮೂಗಿಗೆ ಒಳ್ಳೆಯ ಗಾಳಿ ಬಂತು.

ಫೋನು ಬಡಿಯಿತು. ಸೀತಾ.

“ಇಂಜೆಕ್ಷನ್ ತಪ್ಪಿಸಿದ್ರಾ?”

“ತಪ್ಪಿತು ಮೇಡಂ. ಎಲ್ಲಾ ಒಪ್ಕೊಂಡ. ಜಾಹಿದಾ ಮೇಡಂ ಕರ್ಕೊಂಡು ಹೋದ್ರು.”

ಆ ಕಡೆ ಗಾಜಿನ ಪಟ್ಟಿ ಸರಿಸಿದ ಸದ್ದು.

“ಮುನಿಆಂಜಿನಪ್ಪನವರೇ, ಇವತ್ತಿನ ತುಂಡು ನೋಡಿದೆ. ತೋಳಿಂದು.”

“ಕಂದು ಬಂತಾ?”

“ಹಳೇ ಬಾಟಲಿಲೂ ಇಲ್ಲ. ಹೊಸದರಲ್ಲೂ ಇಲ್ಲ.”

ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವುದು ಬೇಕಿರಲಿಲ್ಲ. “ಇನ್ನೊಂದು ಸಲ ನೋಡಿ ಮೇಡಂ. ಬಣ್ಣ ಸರಿಯಾಗಿ ಹತ್ತಿಲ್ಲವೇನೋ.”

“ಅದೇ ಗಾಜಿನ ಮೇಲೆ ಆರೋಗ್ಯವಂತರದೊಂದು ಚೂರು ಜೊತೆಗೆ ಇಟ್ಟಿರ್ತೀವಿ. ಅದಕ್ಕೆ ಚೆನ್ನಾಗಿ ಹತ್ತಿದೆ. ಇವನ ಎಳೆಗಳ ಮಧ್ಯೆ ಕೊಬ್ಬು ತುಂಬಿದೆ. ಅಲ್ಲಲ್ಲಿ ಸತ್ತುಹೋಗಿವೆ. ಇದು ಕುರಿದಲ್ಲ.”

“ಬೇರೆ ಯಾರದಾದ್ರೂ ಇರ್ಬೋದಲ್ವಾ? ಅವನು ಏನು ಬೇಕಾದ್ರೂ ಕಳಿಸ್ತಾನೆ.”

“ಇರ್ಬೋದು. ಹಾಗೇ ಆಗ್ಲಿ ಅಂತ ದೇವರನ್ನ ಬೇಡ್ಕೊಳ್ತಿದೀನಿ.” ಸೀತಾರ ದನಿ ತಗ್ಗಿತು. “ನೀವು ಒಂದು ಕೆಲಸ ಮಾಡಿ. ಡುಶೆನ್ ಇದ್ರೆ ಕೈ ಊರದೆ ಏಳಕ್ಕಾಗಲ್ಲ. ಆ ಮಗು ನೆಲದಿಂದ ಹೇಗೆ ಏಳತ್ತೆ, ನೋಡಿ ಹೇಳಿ.”

ತಿರುಗಿದೆ. ಸುಮಾ ಕಣ್ಣು ಒರೆಸಿಕೊಂಡು, ಮುಖದ ತುಂಬ ನಗು ತಂದುಕೊಂಡು, ಎರಡೂ ಕೈ ಚಾಚಿದ್ದಳು. “ಬಾ ಕಂದ, ಮನೆಗೆ ಹೋಗಣ. ಇನ್ನು ಸೂಜಿ ಇಲ್ಲ.”

ಜಯಂತ ಬಸ್ಸನ್ನು ಪಕ್ಕಕ್ಕಿಟ್ಟ. ಎದ್ದು ಓಡಿಬರಲಿಲ್ಲ. ಮೊದಲು ಮಗ್ಗುಲಾಗಿ ಬೋರಲು ತಿರುಗಿದ. ನೆಲಕ್ಕೆ ಎರಡೂ ಕೈ ಊರಿದ, ಬ್ಯಾಂಡೇಜು ಕಟ್ಟಿದ ತೋಳು ನೋಯುತ್ತಿದ್ದರೂ ಅದನ್ನೂ ಊರಿದ. ಕುಂಡಿ ಮೇಲೆತ್ತಿದ. ಒಂದು ಕೈ ಮೊಣಕಾಲಿನ ಮೇಲೆ ಬಂತು, ಇನ್ನೊಂದು ಬಂತು. ಅಲ್ಲಿಂದ ತೊಡೆಗೆ, ಮತ್ತಷ್ಟು ಮೇಲಕ್ಕೆ. ತನ್ನ ಕಾಲನ್ನೇ ತಾನು ಹಿಡಿದು ಹಿಡಿದು ಹತ್ತುತ್ತಿದ್ದ. ಅವನ ಮುಖದಲ್ಲಿ ನೋವಿರಲಿಲ್ಲ. ಎಲ್ಲರೂ ಹೀಗೇ ಏಳುತ್ತಾರೆ ಎಂದುಕೊಂಡಿದ್ದ ಮಗು ಅದು.

“ನೋಡಿದ್ರಾ?” ಎಂದರು ಸೀತಾ.

ಜಯಂತ ನೆಟ್ಟಗೆ ನಿಂತು ಅಮ್ಮನ ಕಡೆಗೆ ಅಡ್ಡಾದಿಡ್ಡಿ ಹೆಜ್ಜೆ ಹಾಕಿದ. ಸುಮಾ ಅವನನ್ನು ಬಾಚಿಕೊಂಡು ಕೆನ್ನೆಗೆ ಮುತ್ತಿಟ್ಟು, ನನ್ನ ಕಡೆ ನೋಡಿ ನಕ್ಕಳು.

“ಲ್ಯಾಬಿಂದಲ್ವಾ ಅಂಕಲ್ ಫೋನು?” ಎಂದು ಕೇಳಿದಳು. “ಏನಂದ್ರು? ಜೋರಾಗಿ ಹೇಳಿ, ಅತ್ತೆಗೂ ಕೇಳಿಸ್ಲಿ.”